ಹೇಮಕ್ಕ ಹಾಕದೆ ಬಿಟ್ಟ ಕೀಲಿ

ಹೇಮಾವತಿಯ ಬಾಯಿಗೆ ಹೆದರದವರು ಆ ಊರಲ್ಲಿ ಇರಲಿಲ್ಲ. ಕುಷ್ಟಗಿಯಿಂದ ಯಲಬುರ್ಗಾ ಕಡೆಗೆ ಹೋಗುವ ದಾರಿಯ ಮೇಲಿನ ಸಣ್ಣ ಪಶು ಆಸ್ಪತ್ರೆಯಲ್ಲಿ ಅವಳ ಕೆಲಸ. ಡಾಕ್ಟರು ವಾರಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಉಳಿದ ದಿನ ಬಾಗಿಲು ತೆಗೆಯುವುದರಿಂದ ಹಿಡಿದು ಸೂಜಿ ಚುಚ್ಚುವ ತನಕ ಎಲ್ಲವೂ ಸಹಾಯಕಿ ಹೇಮಾವತಿಯ ತಲೆಯ ಮೇಲೆ. ಸಾಯಲು ಬಿದ್ದ ಎಮ್ಮೆಯನ್ನು ಟ್ರಾಲಿಯಲ್ಲಿ ಹಾಕಿಕೊಂಡು ಬಂದವನಿಗೆ ಮೊದಲು ಬೈಗುಳ, ಆಮೇಲೆ ಎಮ್ಮೆಗೆ ಔಷಧ. "ಹೆಂಡ್ತಿಗೆ ಜ್ವರ ಬಂದ್ರೂ ಹಿಂಗ ಕುಂತಿರ್ತಿದ್ಯೇನಲೇ?" ಅಂತ ಕೇಳಿ, ಅವನು ಬಾಯಿ ತೆರೆಯುವ ಮೊದಲೇ "ಕುಂತಿರ್ತಿದ್ದಿ ಬಿಡು, ನಿನ್ನ ಮಾರಿ ನೋಡಿದ್ರ ಗೊತ್ತಾಗ್ತೈತಿ" ಅನ್ನುತ್ತಿದ್ದಳು. ಅವಳ ಗಂಡ ಪರಮೇಶ ಕುಷ್ಟಗಿ ದಾರಿಯಲ್ಲಿ ಟಂಟಂ ಆಟೋ ಓಡಿಸುತ್ತಿದ್ದ. ಜನ ಹೇಮಾವತಿಗೆ ಹೇಳಲಾಗದ ದೂರನ್ನೆಲ್ಲ ಅವನ ಟಂಟಂನಲ್ಲಿ ಕುಳಿತು ಹೇಳಿಕೊಳ್ಳುತ್ತಿದ್ದರು. ಅವನು ನಕ್ಕು ಗೇರು ಬದಲಾಯಿಸುತ್ತಿದ್ದ.

ಆ ಸಿಟ್ಟು ಹುಟ್ಟಿನಿಂದ ಬಂದದ್ದಲ್ಲ. ಅವಳ ಅಪ್ಪ ಪಕ್ಕೀರಪ್ಪ ಕುರಿಗಾರ. ಅವಳು ಸಣ್ಣಾಕಿ ಇದ್ದಾಗ ಒಂದು ವರ್ಷ ಭತ್ತದ ಕೊಯಿಲು ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಗಂಗಾವತಿ ಸೀಮೆಗೆ ಇಳಿದಿದ್ದರು. ಹೇಮಗುಡ್ಡದ ಬುಡದ ಹೊಲವೊಂದರಲ್ಲಿ ಹಟ್ಟಿ ಹಾಕಿದ್ದಾಗ ಕುರಿಗಳಿಗೆ ಹಿರೇಬ್ಯಾನಿ ಹತ್ತಿತು. ಮೂಗು ಸುರಿಸಿಕೊಂಡು, ಬಾಯೊಳಗೆ ಹುಣ್ಣಾಗಿ, ನೀರಿನ ಹಾಗೆ ಉಚ್ಚಿಕೊಂಡು ಕುರಿಗಳು ಬೀಳತೊಡಗಿದವು. ಸೈಕಲ್ಲಿನ ಮೇಲೆ ಬಂದವನೊಬ್ಬ ಕಪ್ಪು ಔಷಧದ ಸೀಸೆ ಕೊಟ್ಟು, ಸರ್ಕಾರಿ ದವಾಖಾನೆಗೆ ಹೋಗುವುದು ಬೇಡ, ಅಲ್ಲಿ ಸೂಜಿ ಚುಚ್ಚಿ ಕೊಲ್ಲುತ್ತಾರೆ ಅಂದ. ಪಕ್ಕೀರಪ್ಪ ನಂಬಿದ. ಊರಿಗೆ ತಿರುಗಿ ಬರುವಾಗ ಹೊಡೆದುಕೊಂಡು ಬರಲು ಹಿಂಡೇ ಉಳಿದಿರಲಿಲ್ಲ. ಮುಂದೆ ಸಾಯುವ ತನಕ ಅವನು ಮಂದಿಯ ಕುರಿ ಕಾಯ್ದ. ಹೇಮಾವತಿ ಓದಿ ಪಶು ಇಲಾಖೆಯ ನೌಕರಿ ಹಿಡಿದಳು. ಔಷಧ ಮಾರುವವರು ಎಲ್ಲಿ ಕಂಡರೂ ಅವಳ ಮೈಗೆ ಬೆಂಕಿ ಬೀಳುತ್ತಿತ್ತು. ಸಂತೆಯಲ್ಲಿ ಕುರಿ ಟಾನಿಕ್ಕು ಮಾರುತ್ತಿದ್ದ ಕಳಕೇಶ ಎಂಬುವವನ ಪೆಟ್ಟಿಗೆಯನ್ನು ಒಮ್ಮೆ ಕಾಲಿಂದ ಒದ್ದು ಚೆಲ್ಲಿದ್ದಳು. ಅವನು ಅದನ್ನು ಮರೆತಿರಲಿಲ್ಲ.

ಈಗಲೂ ಸುಗ್ಗಿ ಮುಗಿದರೆ ಈ ಕಡೆಯ ಕುರಿಗಾರರು ಸಿದ್ದಾಪುರ, ಗಂಗಾವತಿಯ ಕಾಲುವೆ ಸೀಮೆಗೆ ಹೋಗುತ್ತಾರೆ. ಅಲ್ಲಿ ಕುರಿ ಕುಂಟಿದರೆ, ಕೆಮ್ಮಿದರೆ, ಮೇವು ಬಿಟ್ಟರೆ ಹೇಮಾವತಿಗೆ ಫೋನು. ಉಣ್ಣುವಾಗ ಫೋನು, ಬಸ್ಸಿನಲ್ಲಿ ಫೋನು. ಹೇಳಿದ್ದನ್ನೇ ಹೇಳಿ ಹೇಳಿ ಗಂಟಲು ಬಿದ್ದು ಹೋದಾಗ, ಕುಷ್ಟಗಿಯಲ್ಲಿ ಕಂಪ್ಯೂಟರ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟಿದ್ದ ಸೊಹೇಲ ಒಂದು ಉಪಾಯ ಹೇಳಿದ. "ಒಂದು ವೆಬ್‌ಸೈಟ್ ಮಾಡಿಬಿಡೂಣ್ರಿ ಅಕ್ಕಾರ. ಫೋಟೋ ಹಾಕ್ರಿ, ನಿಮ್ಮ ದನಿ ಹಾಕ್ರಿ. ಒತ್ತಿದ್ರ ನೀವ ಮಾತಾಡಬೇಕು, ಹಂಗ." ಅವನ ಅಂಗಡಿಯಲ್ಲೇ ಕುಳಿತು ಇಬ್ಬರೂ ಸೇರಿ ಕಟ್ಟಿದರು. ಕರುಳುಬೇನೆಯ ಕುರಿ ಹೇಗೆ ನಿಲ್ಲುತ್ತದೆ, ನೀಲಿ ನಾಲಿಗೆ ರೋಗದಲ್ಲಿ ತುಟಿ ಹೇಗೆ ಊದುತ್ತದೆ, ಲಸಿಕೆ ಯಾವಾಗ, ಜಂತಿನ ಔಷಧ ಎಷ್ಟು, ಎಲ್ಲಕ್ಕೂ ಚಿತ್ರ ಮತ್ತು ಅವಳ ದನಿ. ಓದು ಬಾರದವರಿಗೂ ಗುರುತು ಸಿಗಲಿ ಎಂದು ಮೇಲೆ ಅವಳ ದೊಡ್ಡ ಫೋಟೋ. ಅದರ ಕೆಳಗೆ, ಇಲ್ಲಿ ಯಾವ ಔಷಧವನ್ನೂ ಮಾರುವುದಿಲ್ಲ, ಮಾರುವವರನ್ನು ನಂಬಬೇಡಿ ಎಂಬ ಸಾಲು. ಅದು ಅವಳೇ ಹಟ ಹಿಡಿದು ಹಾಕಿಸಿದ್ದು. ಕುರಿಗಾರರು ಅದನ್ನು 'ಹೇಮಕ್ಕನ ನೆಟ್ಟು' ಎಂದು ಕರೆದರು. ಒಂದು ಪೈಸೆ ಬರುತ್ತಿರಲಿಲ್ಲ, ಅವಳಿಗೆ ಬೇಕಾಗಿಯೂ ಇರಲಿಲ್ಲ.

ಒಂದು ಸಂತೆಯ ದಿನ ಕಳಕೇಶ ಜನರ ನಡುವೆ ನಿಂತು ತನ್ನ ಫೋನು ಎತ್ತಿ ಹಿಡಿದ. "ನೋಡ್ರೆಪೋ, ಬರ್ರಿ! ಹೇಮಕ್ಕನ ನೆಟ್ಟು ಸುರಕ್ಷಿತ ಅಲ್ಲಂತ. ನಾ ಹೇಳಾಕತ್ತಿಲ್ಲ, ಫೋನ ಹೇಳಾಕತ್ತೈತಿ." ವಿಳಾಸದ ಪಕ್ಕದಲ್ಲಿ ನಿಜಕ್ಕೂ ಆ ಮಾತಿತ್ತು. ಸುತ್ತ ನಿಂತವರು ನಕ್ಕರು. ಹೇಮಾವತಿ ಅವನ ಕೈಯಿಂದ ಫೋನು ಕಸಿದು ನೋಡಿ, ಹಾಗೆಯೇ ಅವನ ಎದೆಗೆ ಒತ್ತಿ, ಸೀದಾ ಸೊಹೇಲನ ಅಂಗಡಿಗೆ ನಡೆದಳು.

ಸೊಹೇಲ ತಾಳ್ಮೆಯ ಮನುಷ್ಯ. ನಡುವಯಸ್ಸಿಗೆ ಬಂದವನು, ಯಾರ ಮೇಲೂ ದನಿ ಏರಿಸಿದವನಲ್ಲ. "ಅದು ನಿಮ್ಮ ಮ್ಯಾಲಿನ ಮಾತಲ್ರಿ ಅಕ್ಕಾರ. ನಿಮ್ಮ ಸೈಟಿಗೆ ಕೀಲಿ ಹಾಕಿಲ್ಲ ಅಂತ ಹೇಳ್ತೈತಿ ಅಷ್ಟ. ನಾನ ಹೇಳಬೇಕಂತಿದ್ದೆ."

"ನನ್ನ ಸೈಟಿನ್ಯಾಗ ಏನೈತೋ ಕದಿಯಾಕ? ಕುರಿ ಹಿಕ್ಕಿ ಐತಿ. ಹಿಕ್ಕಿಗೆ ಯಾರರ ಕೀಲಿ ಹಾಕ್ತಾರೇನು?" ಎಂದಳು ಹೇಮಾವತಿ. "ಬ್ಯಾಂಕಿಗೆ ಹಾಕ್ಲಿ, ಅಂಗಡಿಗೆ ಹಾಕ್ಲಿ. ನನ್ನ ಕಡೆ ರೊಕ್ಕಿಲ್ಲ, ಪಾಸ್‌ವರ್ಡ್ ಇಲ್ಲ. ಬಂದವ್ರು ನೋಡ್ತಾರ, ಹೋಗ್ತಾರ."

"ಮನಿಗೆ ಹಾಕೂ ಕೀಲಿ ಅಲ್ರಿ ಇದು. ಡೇರಿಗೆ ಹೋಗೂ ಹಾಲಿನ ಕ್ಯಾನು ಅಂತ ತಿಳೀರಿ. ನೀವು ಚೊಕ್ಕ ಹಾಲ ತುಂಬಿ ಕಳಿಸ್ತೀರಿ. ಮುಚ್ಚಳಕ್ಕ ಸೀಲ್ ಇಲ್ಲ. ನಡುದಾರ್ಯಾಗ ಗಾಡಿ ನಿಂತಲ್ಲಿ ಯಾರ ಬೇಕಾದ್ರೂ ನೀರ ಹಾಕಬೌದು, ವಿಷಾನೂ ಹಾಕಬೌದು. ಮುಟ್ಟೋ ಹೊತ್ತಿಗೆ ಕ್ಯಾನಿನ ಮ್ಯಾಲ ಹೆಸರು ನಿಮ್ದ ಇರ್ತೈತಿ."

"ನನ್ನ ಹಾಲಿಗೆ ನೀರ ಹಾಕಾಕ ಯಾವನಿಗೆ ಪುರಸೊತ್ತೈತಿ?"

"ಪುರಸೊತ್ತು ಮನಷ್ಯಾಗ ಬೇಕ್ರಿ. ಮಷೀನಿಗಿ ಬ್ಯಾಡ."

ಹೇಮಾವತಿಗೆ ಈ ಮಾತು ಹಿಡಿಸಲಿಲ್ಲ. ಆದರೂ ಒಂದು ಸಲ ಹಾಕಿ ತೋರಿಸು ಅಂದಳು. ಸೊಹೇಲ ಸೈಟಿನ ಇನ್ನೊಂದು ಪ್ರತಿ ಮಾಡಿ ಅದಕ್ಕೆ ಬೀಗ ಹಾಕಿದ. ಅವಳು ಅದನ್ನು ತನ್ನ ತವರೂರಿನ ಕಾಳಪ್ಪನ ಫೋನಿನಲ್ಲಿ ತೆರೆಸಿದಳು. ಕಾಳಪ್ಪ ಅವಳಿಗೆ ಕಾಕಾ ಆಗಬೇಕು. ಅವನ ಫೋನು ಮಗ ಬಳಸಿ ಬಿಟ್ಟದ್ದು, ಗಾಜು ಸೀಳಿ ರಬ್ಬರ್ ಹಾಕಿ ಕಟ್ಟಿದ್ದು. ಅದರಲ್ಲಿ ಪುಟ ತೆರೆಯಲೇ ಇಲ್ಲ. ಬಿಳಿ ಪರದೆಯ ಮೇಲೆ ಏನೇನೋ ಎಚ್ಚರಿಕೆ ಬಂದು ನಿಂತಿತು. ಹೊಸ ಬೀಗವನ್ನು ಹಳೆಯ ಫೋನು ಗುರುತಿಸುವುದಿಲ್ಲ ಎಂದು ಸೊಹೇಲ ಒಪ್ಪಿಕೊಂಡ.

ಹೇಮಾವತಿಗೆ ಬೇಕಾದದ್ದು ಸಿಕ್ಕಿತು. ಅಂಗಡಿಯಲ್ಲಿ ಜೆರಾಕ್ಸಿಗೆ ನಿಂತವರೆಲ್ಲ ಕೇಳುವಂತೆ ಕೂಗಿದಳು. "ನೋಡು ನಿನ್ನ ಕೀಲಿ! ಕಳ್ಳನ್ನ ಬಿಟ್ಟು ಮನಿ ಮಂದೀನ ಹೊರಗ ಹಾಕತೈತಿ. ಅಡವ್ಯಾಗ ಕುರಿ ಸಾಯಾಕತ್ತಿರ್ತಾವ, ಇದು ಬಾಗಲಾ ತಗ್ಯಂಗಿಲ್ಲ ಅಂತೈತಿ. ನನಗ ಬ್ಯಾಡ. ಅಂಗಡ್ಯಾಗ ಗಿರಾಕಿ ಇಲ್ಲಂತ ಮಂದೀನ ಅಂಜಿಸಿ ತಿನ್ನಾಕ ನಿಂತೀಯೇನು?"

ಸೊಹೇಲ ಆ ಕೆಲಸಕ್ಕೆ ಅವಳಿಂದ ಏನನ್ನೂ ಕೇಳಿರಲಿಲ್ಲ. ಅವನ ಮುಖ ಬಿಳುಚಿತು. "ಆತ್ರಿ" ಅಂದು ಕಂಪ್ಯೂಟರಿನ ಕಡೆ ತಿರುಗಿದ. ಜೆರಾಕ್ಸ್ ಮಷೀನಿನ ಹತ್ತಿರ ಕುಳಿತಿದ್ದ ಅವನ ಹೆಂಡತಿ ಖುರ್ಷಿದಾ ಮಾತ್ರ ಎದ್ದು ಬಂದು, ಹೇಮಾವತಿಯ ಕಣ್ಣಲ್ಲಿ ಕಣ್ಣಿಟ್ಟು, ಅಂಗಡಿಯ ಹೊಸ್ತಿಲು ತೋರಿಸಿದಳು. ಹೇಮಾವತಿ ಹೋದಳು. ಅಂದಿನಿಂದ ಕುಷ್ಟಗಿಗೆ ಹೋದರೆ ಆ ಅಂಗಡಿಯ ಮುಂದೆ ಹಾಯದೆ ಹಿಂದಿನ ಓಣಿಯಿಂದ ಹೋಗುತ್ತಿದ್ದಳು.

ಮುಂದಿನ ಬೇಸಿಗೆ ಬಲಿಯುವ ಮೊದಲು ಒಂದು ಮುಂಜಾನೆ, ಆಸ್ಪತ್ರೆಯ ಅಂಗಳದಲ್ಲಿ ಜನ ಎತ್ತು ಎಮ್ಮೆ ಹಿಡಿದು ನಿಂತಿದ್ದಾಗ, ರಸ್ತೆಯ ಕಡೆಯಿಂದ ಒಂದು ಹೆಣ್ಣುದನಿ ಚೀರಿಕೊಂಡು ಬಂತು.

"ಎಲ್ಲದಾಳಾಕಿ? ಔಷಧ ಮಾರಾಕಿ ಎಲ್ಲದಾಳ?"

ಕಾಳಪ್ಪನ ಹೆಂಡತಿ ಗಾಳೆಮ್ಮ. ಹಣೆಯ ಮೇಲೆ ಬೆವರು, ಸೀರೆಯ ನೆರಿಗೆಗೆ ಕೆಸರು, ಕೈಯಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿ. ಹೇಮಾವತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಚಿಗವ್ವ, ಯಾವಾಗ ಬಂದ್ಯವ್ವಾ? ಸಿದ್ದಾಪುರದ ಕಡೆ ಇದ್ರೆಲ್ಲ?" ಅನ್ನುವಷ್ಟರಲ್ಲಿ ಬಾಟಲಿ ಬಂದು ಅವಳ ಹೆಗಲಿಗೆ ಬಡಿಯಿತು.

"ಚಿಗವ್ವ ಅನಬ್ಯಾಡ ನನಗ! ನಿನ್ನ ನೆಟ್ಟಿನ್ಯಾಗ ನಿನ್ನ ಮಾರಿ ಕೆಳಗ ಇತ್ತು ಈ ಬಾಟ್ಲಿ. ನಮ್ಮ ಹೇಮವ್ವ ತೋರಿಸ್ಯಾಳ ಅಂತ ತರಿಸಿದ್ವಿ. ಕುರಿ ಬಾಯಿಗೆ ಹೊಯ್ದ ಮರುದಿನಾನ ಬೀಳಾಕ ಹತ್ತಿದ್ವು. ಮರಿ ಹೋದ್ವು, ತಾಯಿ ಹೋದ್ವು, ಟಗರು ಹೋತು. ಹಟ್ಟ್ಯಾಗ ನಾಯಿ ಉಳದಾವ."

"ನನ್ನ ನೆಟ್ಟಿನ್ಯಾಗ ಬಾಟ್ಲಿ? ನಾ ಔಷಧ ಮಾರ್ತೀನಾ? ತಲಿ ಕೆಟ್ಟೈತೇನ ನಿನಗ?" ಹೇಮಾವತಿಗೂ ದನಿ ಏರಿತು. ತನ್ನ ಫೋನು ತೆಗೆದು ಸೈಟು ತೆರೆದು ಗಾಳೆಮ್ಮನ ಮುಖದ ಮುಂದೆ ಹಿಡಿದಳು. "ಎಲ್ಲೈತಿ ತೋರಿಸು. ಇಲ್ಲಿ ಎಲ್ಲೈತಿ ಬಾಟ್ಲಿ?"

ಪುಟದಲ್ಲಿ ಅವಳ ಫೋಟೋ, ಕುರಿಯ ಚಿತ್ರಗಳು, ಬೇರೇನೂ ಇರಲಿಲ್ಲ. ನೆರೆದವರು ಇಣುಕಿ ನೋಡಿದರು. ಗಾಳೆಮ್ಮ ಫೋನನ್ನು ಒಮ್ಮೆ, ಹೇಮಾವತಿಯನ್ನು ಒಮ್ಮೆ ನೋಡಿದಳು.

"ಅಳಿಸೀದಿ" ಅಂದಳು. "ನಮ್ಮ ಕುರಿ ಸತ್ತ ಸುದ್ದಿ ಮುಟ್ಟಿದ ಕೂಡ್ಲೆ ಅಳಿಸೀದಿ." ಬಗ್ಗಿ ಅಂಗಳದ ಮಣ್ಣು ಬೊಗಸೆಗೆ ತೆಗೆದುಕೊಂಡು ಹೇಮಾವತಿಯ ಕಡೆ ತೂರಿದಳು. "ನಿಮ್ಮಪ್ಪನ ಹಿಂಡ ಸತ್ತಾಗ ನಾವು ಅತ್ತೀವಿ ನಿನ್ನ ಕೂಡ. ನಿನ್ನ ಮನಿತನ ಮಣ್ಣಾಗಲಿ!"

ಸುತ್ತಲಿನವರು ಒಬ್ಬರೂ ಅಡ್ಡ ಬರಲಿಲ್ಲ. ಇಷ್ಟು ವರ್ಷ ಬೈಸಿಕೊಂಡವರೆಲ್ಲ ಅಲ್ಲಿದ್ದರು. ಒಬ್ಬಾತ ಎತ್ತಿನ ಹಗ್ಗ ಬಿಚ್ಚಿಕೊಂಡು, "ನಡೀಪಾ, ಹೊಯ್ಸೂದು ಬ್ಯಾಡ ಏನೂ" ಎಂದು ಹೊರಟೇ ಹೋದ. ಹೇಮಾವತಿ ತಲೆಗೂದಲಿನ ಮಣ್ಣು ಕೊಡವಿಕೊಳ್ಳುತ್ತ ನಿಂತಳು. ಅವಳ ಬಾಯಿಂದ ಮಾತು ಬರದಿದ್ದುದನ್ನು ಊರು ಕಂಡದ್ದು ಅದೇ ಮೊದಲು.

ವಾರ ಕಳೆಯುವುದರೊಳಗೆ ಸುದ್ದಿಗೆ ಕೈಕಾಲು ಬಂದವು. ಕಳಕೇಶ ಸಂತೆಯಲ್ಲಿ ಬಾಟಲಿಯ ಕಥೆಯನ್ನು ಅಭಿನಯ ಮಾಡಿ ಹೇಳಿದ. ಸರ್ಕಾರಿ ಪಗಾರ ತಿಂದು ಕಳ್ಳ ಔಷಧ ಮಾರುತ್ತಾಳೆ ಎಂದು ಯಾರೋ ಕೊಪ್ಪಳಕ್ಕೆ ಅರ್ಜಿ ಹಾಕಿದರು. ಮೇಲಿನ ಸಾಹೇಬರು ವಿವರಣೆ ಕೇಳಿ ನೋಟಿಸು ಕಳಿಸಿದರು. ಪರಮೇಶನ ಟಂಟಂ ಹತ್ತುವವರು ಕಡಿಮೆಯಾದರು. ಅವನು ಮನೆಯಲ್ಲಿ ಅದನ್ನು ಹೇಳಲಿಲ್ಲ, ಅವಳಿಗೆ ಬೇರೆಯವರಿಂದ ತಿಳಿಯಿತು. ಬಾಟಲಿಯ ಮೇಲಿದ್ದ ನಂಬರಿಗೆ ಅವಳು ಎಷ್ಟು ಸಲ ಹಚ್ಚಿದರೂ ಸ್ವಿಚ್ ಆಫ್.

ಗಾಳೆಮ್ಮ ಸುಳ್ಳು ಹೇಳುವ ಹೆಂಗಸಲ್ಲ. ಅದು ಹೇಮಾವತಿಗೆ ಗೊತ್ತಿತ್ತು. ಅದೇ ಅವಳನ್ನು ಹೆಚ್ಚು ಕೊರೆಯಿತು. ತವರೂರಿನ ಒಬ್ಬನ ಮೂಲಕ ಕಾಳಪ್ಪನಿಂದ ತರಿಸಿದ ಉತ್ತರ ಇಷ್ಟು: ಹಿಂಡು ಸಿದ್ದಾಪುರದಾಚೆಯ ಕಾಲುವೆ ಪಕ್ಕ ವಲಸೆ ರೈತರ ಒಂದು ಕ್ಯಾಂಪಿನ ಹತ್ತಿರ ಇತ್ತು, ಅಲ್ಲಿನ ಚಹಾದ ಹೋಟೆಲಿನಲ್ಲಿ ಪುಕ್ಕಟೆ ವೈಫೈ ಇದೆ, ಕುರಿಗಾರರೆಲ್ಲ ಅಲ್ಲೇ ಕುಳಿತು ಫೋನು ನೋಡುತ್ತಾರೆ, ಬಾಟಲಿ ಕಂಡದ್ದೂ ಅಲ್ಲೇ.

ಅವಳು ರಜೆ ಬರೆದಿಟ್ಟು ಗಂಗಾವತಿ ಬಸ್ಸು ಹತ್ತಿದಳು. ಅಲ್ಲಿಂದ ಇನ್ನೊಂದು ಬಸ್ಸು. ಕಾಲುವೆಯ ಎರಡೂ ದಂಡೆಗೆ ಕೊಯ್ದ ಗದ್ದೆಗಳು, ಕೂಳೆಯಲ್ಲಿ ಯಾರಯಾರವೋ ಕುರಿಗಳು. ಹೋಟೆಲು ತಗಡಿನದು. ನಡೆಸುವವನು ಅಕ್ಬರ ಎಂಬ ಮುದುಕ. ಕುರಿಗಾರ ಕಾಳಪ್ಪನ ಹೆಸರು ಹೇಳಿದ ಕೂಡಲೇ ನಾಲಿಗೆ ಲೊಚಗುಟ್ಟಿದ. "ಅರೆ, ಭಾಳ ನುಕ್ಸಾನ ಆತು ಪಾಪ ಅವಂದು. ನನ್ನ ಕಣ್ಣ ಮುಂದ ಆತ್ರಿ."

ಹೇಮಾವತಿ ಬೆಂಚಿನ ಮೇಲೆ ಕುಳಿತು, ಗೋಡೆಗೆ ಬರೆದಿದ್ದ ಪಾಸ್‌ವರ್ಡ್ ಹಾಕಿ ವೈಫೈ ಹಿಡಿದಳು. ತನ್ನ ಸೈಟು ತೆರೆದಳು. ಮೊದಲು ಅವಳ ಫೋಟೋ ಬಂತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದರ ಕೆಳಗೆ, ಔಷಧ ಮಾರುವುದಿಲ್ಲ ಎಂಬ ಸಾಲನ್ನು ಮುಚ್ಚಿಕೊಂಡು, ಒಂದು ಕೆಂಪು ಪೆಟ್ಟಿಗೆ ತೆರೆದುಕೊಂಡಿತು. ಬಲಿತ ಟಗರು, ಪಕ್ಕದಲ್ಲಿ ಅದೇ ಬಾಟಲಿ. 'ಹಿರೇಬೇನೆಗೆ ಒಂದೇ ಡೋಸು. ಈಗಲೇ ಕರೆ ಮಾಡಿ.' ಫೋಟೋದಲ್ಲಿ ಹೇಮಾವತಿ ನಗುತ್ತಿದ್ದಳು. ಬಾಟಲಿಯನ್ನು ಅವಳೇ ಎತ್ತಿ ಕೊಡುತ್ತಿದ್ದ ಹಾಗಿತ್ತು.

ವೈಫೈ ಆರಿಸಿ ತನ್ನ ಸಿಮ್ಮಿನ ನೆಟ್ಟಿನಲ್ಲಿ ತೆರೆದಳು. ಪೆಟ್ಟಿಗೆ ಮಾಯ. ಮತ್ತೆ ವೈಫೈ ಹಾಕಿದಳು. ಮತ್ತೆ ಬಂತು. ಅಕ್ಬರನ ಕೈಗೆ ಅವನದೇ ಫೋನು ಕೊಟ್ಟು, "ಕಾಕಾ, ನಾ ಮಾಡೂದನ್ನ ವಿಡಿಯೋ ತಗೀರಿ. ಕೈ ಅಳಗಾಡಸಬ್ಯಾಡ್ರಿ" ಅಂದಳು. ಆರಿಸಿ, ಹಚ್ಚಿ, ಮತ್ತೆ ಆರಿಸಿ, ಹಚ್ಚಿ ತೋರಿಸಿದಳು. ಮುದುಕ ಉಸಿರು ಬಿಗಿಹಿಡಿದು ತೆಗೆದ.

"ಈ ನೆಟ್ಟು ಯಾರ್ದು?"

"ಕೇಬಲ್ ಕೃಷ್ಣಂದು. ಅಕಾ ಅಲ್ನೋಡ್ರಿ, ಆ ನೀಲಿ ಬೋರ್ಡು. ಪುಕ್ಕಟೆ ಕೊಡ್ತೀನಿ, ನಡುನಡುವ ಜಾಹೀರಾತು ಬರ್ತಾವ ಅಂದಿದ್ದ. ನನಗೇನ ತಿಳೀತೈತ್ರಿ?"

ಕೃಷ್ಣ ನೀಲಿ ಬೋರ್ಡಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕುಳಿತಿದ್ದ. ಹಿಂದಿನ ಗೋಡೆಯ ತುಂಬ ಮಿಣಿಮಿಣಿ ದೀಪದ ಪೆಟ್ಟಿಗೆಗಳು, ಜೋತುಬಿದ್ದ ವೈರುಗಳು. ಹೇಮಾವತಿ ತನ್ನ ಫೋನು ಅವನ ಮೇಜಿನ ಮೇಲೆ ಕುಕ್ಕಿದಳು.

"ನನ್ನ ಮಾರಿ ಕೆಳಗ ವಿಷ ಇಡಾಕ ನಿನಗ ಹೇಳ್ದವ್ರು ಯಾರು?"

ಅವನು ಫೋನು ನೋಡಿ, ಅವಳನ್ನು ನೋಡಿ, ಕುರ್ಚಿಗೆ ಒರಗಿದ. "ಓ, ನೀವೇನಾ ಮೇಡಂ ಅವ್ರು? ನಾನು ಯಾರ ಸೈಟೂ ನೋಡಿ ಹಾಕಲ್ಲ. ಒಂದು ಸಾಫ್ಟ್‌ವೇರ್ ಐತೆ, ತಾನೇ ಹಾಕತ್ತೆ. ಜಾಹೀರಾತು ಕೊಟ್ಟವ್ರು ಕೊಟ್ಟಿರ್ತಾರೆ. ಅವ್ರ ಔಷಧಿ ಕುಡಿದು ಕುರಿ ಸತ್ರೆ ನಾನೇನು ಮಾಡ್ಲಿ?"

"ನನ್ನ ಸೈಟಿನ ಮ್ಯಾಗ ಹಾಕಾಕ ನಿನಗ ಹಕ್ಕ ಕೊಟ್ಟವ್ರು ಯಾರಲೇ?"

"ಹಕ್ಕು?" ಅವನು ನಕ್ಕ. "ಬ್ಯಾಂಕಿನ ಸೈಟ್ ತೆಗೀರಿ ಇಲ್ಲೇ, ಜಾಹೀರಾತು ಬರತ್ತಾ ನೋಡಿ. ಬರಲ್ಲ. ಯಾಕೆ? ಅವ್ರು ಲಾಕ್ ಹಾಕವ್ರೆ. ನೀವು ಹಾಕಿಲ್ಲ. ಬಯಲಾಗೆ ಗೋಡೆ ಕಟ್ಟಿ ಬಿಟ್ರೆ ಮಂದಿ ಪೋಸ್ಟರ್ ಅಂಟಿಸ್ತಾರೆ ಮೇಡಂ. ಗೋಡೆ ನಮ್ದು ಅಂತ ಅಳಬಾರ್ದು."

ಅವಳಿಗೆ ಹೊಡೆತ ಬಿದ್ದದ್ದು ಅಲ್ಲಿ. ಈ ಮಾತನ್ನೇ ಸೊಹೇಲ ತಾಳ್ಮೆಯಿಂದ, ಹಾಲಿನ ಕ್ಯಾನಿನ ಹೋಲಿಕೆ ಕೊಟ್ಟು ಹೇಳಿದ್ದ. ಈಗ ಅದನ್ನು ಒಬ್ಬ ನೀಚನ ಬಾಯಿಂದ, ನಗೆಯ ಜೊತೆ ಕೇಳಬೇಕಾಯಿತು. ಮುಂದೇನು ಮಾಡಿದಳೆಂಬುದು ಅವಳಿಗೂ ಆಮೇಲೆ ಸರಿಯಾಗಿ ನೆನಪಿರಲಿಲ್ಲ. ಮೇಜು ಸುತ್ತಿ ಹೋಗಿ ಗೋಡೆಯ ವೈರುಗಳನ್ನು ಎರಡೂ ಕೈಯಲ್ಲಿ ಹಿಡಿದು, ಹಠಮಾರಿ ಎಮ್ಮೆಯನ್ನು ಎಳೆಯುವ ಹಾಗೆ ಎಳೆದಳು. ದೀಪಗಳು ಆರಿದವು. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಟಿವಿಗಳು ಗಪ್ಪಾದವು. ಕೃಷ್ಣ ಅವಳ ರಟ್ಟೆ ಹಿಡಿದು ದೂಡಿದ, ಬಾಯಿಗೆ ಬಂದದ್ದು ಬೈದ. ಅವಳು ಅವನ ಅಂಗಿಯ ಕಾಲರು ಹಿಡಿದಳು. ಜನ ಬಂದು ಬಿಡಿಸಿದರು. ಪೊಲೀಸರಿಗೆ ಕೊಡುತ್ತೇನೆ ಅಂತ ಅವನು ಕೂಗಿದ. "ಕೊಡು! ಸತ್ತ ಕುರಿ ಲೆಕ್ಕಾನೂ ಅವರ ಮುಂದ ಹೇಳು" ಎಂದು ಇವಳು ಕೂಗಿದಳು. ಅವನು ಕೊಡಲಿಲ್ಲ. ಅಕ್ಬರ ಅವಳನ್ನು ಬಸ್ಸಿನ ತನಕ ಬಿಟ್ಟು, ವಿಡಿಯೋ ಕಳಿಸಿ, ಇನ್ನು ಮೇಲೆ ಆ ನೆಟ್ಟು ತನಗೆ ಬೇಡ ಅಂದ.

ಕೊಪ್ಪಳದ ಸಾಹೇಬರು ಆ ವಿಡಿಯೋವನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಿಮ್ಮ ತಪ್ಪಿಲ್ಲ ಅಂತ ಬರೀತೀನಿ. ಆದ್ರೆ ಈ ವೆಬ್‌ಸೈಟ್ ಉಸಾಬರಿ ಯಾಕಮ್ಮ ನಿಮಗೆ? ಬಂದ್ ಮಾಡಿಬಿಡಿ."

"ಬಂದ್ ಮಾಡಂತ ಬರದ ಕೊಡ್ರಿ ಸರ. ಅಡವ್ಯಾಗ ಕುರಿ ಬಿದ್ರ ಕುರಿಗಾರ್ರು ಯಾರಿಗೆ ಕೇಳಬೇಕು ಅನ್ನೂದನ್ನೂ ಅದರಾಗ ಬರೀರಿ."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿ, ಹೋಗಿ ಅಂದರು. ಬರೆದು ಯಾರೂ ಕೊಡಲಿಲ್ಲ.

ಕುಷ್ಟಗಿಯ ಆ ಅಂಗಡಿಗೆ ಹೋಗುವುದು ಕೊಪ್ಪಳಕ್ಕೆ ಹೋದದ್ದಕ್ಕಿಂತ ಕಷ್ಟವಾಯಿತು. ಹೊಸ್ತಿಲಲ್ಲಿ ನಿಂತವಳನ್ನು ಕಂಡು ಖುರ್ಷಿದಾ ಮಷೀನು ನಿಲ್ಲಿಸಿದಳು. "ಈಗ್ಯಾಕ ಬಂದ್ರಿ? ನಮ್ಮ ಮನಿಯವ್ರು ಮಂದೀನ ಅಂಜಿಸಿ ತಿನ್ನಾವ್ರಲ್ಲೇನು?" ಹೇಮಾವತಿಗೆ ತಪ್ಪಾಯಿತು ಅನ್ನುವ ಮಾತು ಗಂಟಲ ತನಕ ಬಂದಿತ್ತು. ಆದರೆ ಹೊರಗೆ ಬಂದದ್ದು ಬೇರೆ. "ಬೈಯೂದಿದ್ರ ಆಮ್ಯಾಲ ಬೈಯವ್ವ. ಮೊದಲು ಆ ಕೀಲಿ ಹಾಕಿಸು ನಿನ್ನ ಗಂಡನ ಕಡಿಂದ. ಇವತ್ತೂ ಯಾರೋ ಅದನ್ನ ನೋಡಾಕತ್ತಿರ್ತಾರ."

ಸೊಹೇಲ ವಿಡಿಯೋ ನೋಡಿದ. "ಹೇಳಿದ್ನೆಲ್ರಿ" ಎಂದು ಒಂದು ಮಾತು ಅಂದ, ಅಷ್ಟೇ. ಬೀಗ ಈಗ ಪುಕ್ಕಟೆಯಾಗಿಯೇ ಸಿಗುತ್ತಿತ್ತು. ಆದರೆ ಸೈಟನ್ನು ತನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದ ಕಂಪನಿ ಅದಕ್ಕೆ ಬೇರೆ ಬಾಡಿಗೆ ಕೇಳುತ್ತಿದ್ದುದರಿಂದ ಅವನು ಸೈಟನ್ನೇ ಬೇರೆ ಕಡೆಗೆ ಎತ್ತಿ ಒಯ್ದ. ಮಧ್ಯಾಹ್ನದ ತನಕ ಕೆಲಸ ಹಿಡಿಯಿತು. ಖುರ್ಷಿದಾ ಎಲ್ಲರಿಗೂ ಚಹಾ ತರಿಸಿ ಹೇಮಾವತಿಗೆ ಮಾತ್ರ ತರಿಸಲಿಲ್ಲ. ಕೆಲಸ ಮುಗಿದ ಮೇಲೆ ಸೊಹೇಲ ಅಕ್ಬರನಿಗೆ ಫೋನು ಹಚ್ಚಿಸಿದ. ಪಕ್ಕದ ಪಾನ್ ಅಂಗಡಿಯಲ್ಲಿ ಇನ್ನೂ ಇದ್ದ ಅದೇ ಕೃಷ್ಣನ ವೈಫೈಯಲ್ಲಿ ಅಕ್ಬರ ಸೈಟು ತೆರೆದು ನೋಡಿದ. ಪೆಟ್ಟಿಗೆ ಬರಲಿಲ್ಲ.

ಆದರೆ ಹಳೆಯ ಫೋನುಗಳ ವಿಷಯದಲ್ಲಿ ಅವಳು ಹೇಳಿದ್ದೂ ನಿಜವಾಯಿತು. ಎಷ್ಟೋ ಕುರಿಗಾರರ ಕೈಯಲ್ಲಿ ಹೇಮಕ್ಕನ ನೆಟ್ಟು ತೆರೆಯುವುದು ನಿಂತಿತು. ಅವರು ಫೋನು ಮಾಡಿ, ಬಾಟಲಿ ಹಗರಣ ಆದ ಮೇಲೆ ಹೇಮಕ್ಕ ಬಾಗಿಲು ಮುಚ್ಚಿಕೊಂಡಳು ಎಂದು ಬೈದರು. ಉಣ್ಣುವಾಗ ಫೋನು, ಬಸ್ಸಿನಲ್ಲಿ ಫೋನು ಮತ್ತೆ ಶುರುವಾಯಿತು. "ಬಾಗಲಾ ಮುಚ್ಚಿಲ್ಲಲೇ, ಕೀಲಿ ಹಾಕೀನಿ. ನಿನ್ನ ಡಬ್ಬಾ ಫೋನಿಗೆ ಕೀಲಿಕೈ ಇಲ್ಲ. ಹೇಳು ಏನಾಗೈತಿ ಕುರಿಗೆ?" ಅನ್ನುತ್ತಿದ್ದಳು. ಯಲಬುರ್ಗಾದ ಕಸ್ತೂರೆಮ್ಮ ಎಂಬ ನಿವೃತ್ತ ಶಾಲೆ ಟೀಚರು ಹೆಂಗಸರು ಬೀಸುವಾಗ ಹಾಡುವ ಪದಗಳನ್ನು ಕೂಡಿಸಿ ಒಂದು ಸೈಟು ನಡೆಸುತ್ತಾರೆ ಎಂದು ಕೇಳಿ, ಪರಿಚಯವಿಲ್ಲದಿದ್ದರೂ ಅವರಿಗೆ ಫೋನು ಮಾಡಿ, ನಿಮ್ಮದಕ್ಕೆ ಕೀಲಿ ಐತೇನ್ರಿ ಎಂದು ಕೇಳಿದಳು. ಪದಕ್ಕೆ ಯಾಕವ್ವ ಕೀಲಿ ಎಂದು ಅವರು ನಕ್ಕಾಗ, ಇವಳು ಬಾಟಲಿಯ ಕಥೆ ಹೇಳುತ್ತ ಹೇಳುತ್ತ ಜಗಳಕ್ಕೇ ಬಿದ್ದಳು. ಅವರು ಫೋನು ಕೆಳಗಿಟ್ಟರು.

ಗಾಳೆಮ್ಮನ ಮನೆಗೆ ಅವಳು ಒಬ್ಬಳೇ ಹೋದಳು. ಕಾಳಪ್ಪ ಕಟ್ಟೆಯ ಮೇಲೆ ಕುಳಿತು ಕಂಬಳಿಯ ದಾರ ಬಿಡಿಸುತ್ತಿದ್ದ. ಎದ್ದು ಒಳಗೆ ಹೋದ, ಹೊರಗೆ ಬರಲಿಲ್ಲ. ಗಾಳೆಮ್ಮ ಬಾಗಿಲಲ್ಲಿ ನಿಂತೇ ವಿಡಿಯೋ ನೋಡಿದಳು. ವೈಫೈ ಆರಿಸಿದಾಗ ಬಾಟಲಿ ಮಾಯವಾಗುವುದು, ಹಚ್ಚಿದಾಗ ಬರುವುದು, ಎಲ್ಲ ನೋಡಿದಳು. ಹೇಮಾವತಿ ಬಿಡಿಸಿ ಹೇಳಿದಳು: ಇಟ್ಟವಳು ನಾನಲ್ಲ, ಆ ಕೇಬಲ್ಲಿನವನು, ನಡುದಾರಿಯಲ್ಲಿ ಇಟ್ಟ.

"ತಿಳೀತು" ಅಂದಳು ಗಾಳೆಮ್ಮ. "ಕಳ್ಳ ಬೇರೆದಾವ. ಖರೆ. ಕೀಲಿ ಯಾಕ ಹಾಕಿದ್ದಿಲ್ಲ? ಯಾರೂ ಹೇಳಿದ್ದಿಲ್ಲೇನ ನಿನಗ?"

ಹೇಮಾವತಿ ಸುಳ್ಳು ಹೇಳಬಹುದಿತ್ತು. "ಹೇಳಿದ್ರು" ಅಂದಳು. "ಕಾಕಾನ ಫೋನಿನ್ಯಾಗ ತೆರೀಲಿಲ್ಲ ಅಂತ ಹಾಕಿಸಲಿಲ್ಲ."

ಗಾಳೆಮ್ಮ ಬಾಗಿಲಿನ ಅಗಳಿಗೆ ಕೈ ಹಾಕಿದಳು. "ತೆರೀದಿದ್ರ ಛಲೋ ಇತ್ತು. ತೆರೀದಿದ್ರ ನಾವು ದವಾಖಾನಿಗೆ ಹೋಗ್ತಿದ್ವಿ" ಎಂದು ಬಾಗಿಲು ಹಾಕಿಕೊಂಡಳು.

ಮಳೆಗಾಲಕ್ಕೆ ಮೊದಲು ತವರೂರಿನಲ್ಲಿ ಹಿರೇಬ್ಯಾನಿಯ ಲಸಿಕೆಯ ಕೆಲಸ ಬಂತು. ಬೇರೆಯವರನ್ನು ಕಳಿಸಲೇನು ಎಂದು ಡಾಕ್ಟರು ಕೇಳಿದರು. ಹೇಮಾವತಿ ಬೇಡ ಅಂದಳು. ಬಸವಣ್ಣನ ಗುಡಿಯ ಹಿಂದಿನ ಬಯಲಿನಲ್ಲಿ ಐಸ್ ಡಬ್ಬಿ ಇಟ್ಟುಕೊಂಡು ಮುಂಜಾನೆಯಿಂದ ಚುಚ್ಚಿದಳು. ಬೈಯಲಿಲ್ಲ ಎಂದಲ್ಲ, ಬೈದಳು. ಕೊನೆಗೆ ಗಾಳೆಮ್ಮ ಹೊಸದಾಗಿ ತಂದ ಕೆಲವು ಕುರಿಗಳನ್ನು ಹೊಡೆದುಕೊಂಡು ಬಂದಳು. ಚುಚ್ಚಲು ಬೇರೆ ಯಾರಾದರೂ ಇದ್ದಾರೇನು ಎಂದು ಸುತ್ತ ನೋಡಿದಳು. ಇರಲಿಲ್ಲ. ಮುಖ ಆಚೆ ತಿರುಗಿಸಿಕೊಂಡೇ ಒಂದೊಂದು ಕುರಿಯನ್ನೂ ಕಾಲಿನ ನಡುವೆ ಒತ್ತಿ ಹಿಡಿದಳು. ಹೇಮಾವತಿ ಚರ್ಮ ಎತ್ತಿ ಚುಚ್ಚಿದಳು.

"ಆತೇನು?" ಎಂದಳು ಗಾಳೆಮ್ಮ, ಗುಡಿಯ ಗೋಡೆಗೆ ಹೇಳಿದ ಹಾಗೆ.

"ಆತು. ಇವತ್ತ ಬಿಸಲಾಗ ಹೊಡೀಬ್ಯಾಡ."

ಗಾಳೆಮ್ಮ ಕುರಿಗಳನ್ನು ಬೇವಿನ ನೆರಳಿಗೆ ತರುಬಿ ನಿಲ್ಲಿಸಿ, ಅಲ್ಲೇ ಬೆನ್ನು ಹಾಕಿ ಕುಳಿತಳು.